ಚಾಮರಾಜನಗರ–ಗುಂಡ್ಲುಪೇಟೆ ಪ್ರದೇಶದ ದುಡಿಯುವ ಕುಟುಂಬಗಳ ವಂಶಾವಳಿ ಶೋಧ

ಚಾಮರಾಜನಗರ–ಗುಂಡ್ಲುಪೇಟೆ ಪ್ರದೇಶದ ದುಡಿಯುವ ಕುಟುಂಬಗಳ ವಂಶಾವಳಿ ಶೋಧ ಎಂದರೆ ಇಂದಿನ ಚಾಮರಾಜನಗರ ಜಿಲ್ಲೆಯ ಕೂಲಿಕಾರರು, ಜೀತದಾಳುಗಳು, ಗ್ರಾಮಸೇವಕರು, ಕುಶಲಕರ್ಮಿಗಳು ಮತ್ತು ಕಾಡಿನ ನಿವಾಸಿಗಳ 19ನೇ ಶತಮಾನದ ಪೂರ್ವಜರನ್ನು ಕುಟುಂಬದ ಕಾಗದಪತ್ರ, ಸರ್ಕಾರಿ ದಾಖಲೆ ಮತ್ತು ಮೌಖಿಕ ನೆನಪುಗಳ ನೆರವಿನಿಂದ ಗುರುತಿಸುವ ಕಾರ್ಯ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲವಾದ 1837ರಿಂದ 1901ರವರೆಗಿನ ಅವಧಿಯಲ್ಲಿ ಈ ಪ್ರದೇಶದ ಬಹುಭಾಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಭೂಮಿ ಇಲ್ಲದ ಕುಟುಂಬಗಳ ಹೆಸರು ಆ ಕಾಲದ ದಾಖಲೆಗಳಲ್ಲಿ ಅಪರೂಪ. ಕಂದಾಯ, ಗ್ರಾಮಸೇವೆ, ಸಾಲ ಅಥವಾ ವಲಸೆಯ ಕಾರಣದಿಂದ ಆಡಳಿತದ ಸಂಪರ್ಕಕ್ಕೆ ಬಂದಾಗ ಮಾತ್ರ ಅಂಥವರ ಹೆಸರು ಬರಹಕ್ಕೆ ಇಳಿಯುತ್ತಿತ್ತು. ಈ ಶೋಧವು ಕೇವಲ ಕುತೂಹಲದ ವಿಷಯವಲ್ಲ. ಜಮೀನಿನ ವಾರಸುದಾರಿಕೆ, ಮಂಜೂರಾತಿ ಭೂಮಿಯ ಮರಳಿಕೆ ಮತ್ತು ಅರಣ್ಯ ಹಕ್ಕುಗಳ ಪ್ರಕರಣಗಳಲ್ಲಿ ಇದು ಪುರಾವೆಯಾಗಿ ಬಳಕೆಯಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಇದಕ್ಕೆ ಈಗಿನ ಹೆಸರನ್ನಿಟ್ಟರು. ಆದ್ದರಿಂದ ಅದಕ್ಕಿಂತ ಹಿಂದಿನ ಬರಹಗಳಲ್ಲಿ ಈ ಊರನ್ನು ಹಳೆಯ ಹೆಸರಿನಲ್ಲೇ ಹುಡುಕಬೇಕಾಗುತ್ತದೆ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1881ರಲ್ಲಿ ಅಧಿಕಾರ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು.

ಶೋಧಕರಿಗೆ ಆಡಳಿತದ ಗಡಿಗಳ ತಿಳಿವಳಿಕೆ ಅಗತ್ಯ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. ಯಳಂದೂರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ನೀಡಲಾಗಿತ್ತು. ಕೊಳ್ಳೇಗಾಲವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಒಂದೇ ಕುಟುಂಬದ ಎರಡು ಕವಲುಗಳು ಕೆಲವೇ ಮೈಲಿಗಳ ಅಂತರದಲ್ಲಿ ವಾಸವಾಗಿದ್ದರೂ, ಒಂದರ ದಾಖಲೆ ಮೈಸೂರಿನ ಪದ್ಧತಿಯಲ್ಲಿಯೂ ಇನ್ನೊಂದರದು ಮದರಾಸಿನ ಪದ್ಧತಿಯಲ್ಲಿಯೂ ಇರಬಹುದು.

ಜನಗಣತಿಯ ಮಿತಿ

ಇಂಗ್ಲೆಂಡಿನಲ್ಲಿ 1837ರಿಂದ ಜನನ, ವಿವಾಹ ಮತ್ತು ಮರಣಗಳ ನಾಗರಿಕ ನೋಂದಣಿ ಆರಂಭವಾಯಿತು. 1841ರಿಂದ ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರನ್ನೂ ಬರೆದು ಆ ಹಾಳೆಗಳನ್ನು ಉಳಿಸಿಕೊಳ್ಳಲಾಯಿತು. ಆದುದರಿಂದ ಅಲ್ಲಿಯ ಒಬ್ಬ ಗಣಿ ಕಾರ್ಮಿಕ ಅಥವಾ ಮನೆಗೆಲಸದ ಹೆಂಗಸನ್ನು ಹತ್ತು ಹತ್ತು ವರ್ಷಗಳ ಅಂತರದಲ್ಲಿ ಹೆಸರು ಹಿಡಿದು ಹಿಂಬಾಲಿಸಲು ಸಾಧ್ಯವಾಗುತ್ತದೆ.

ಮೈಸೂರಿನಲ್ಲಿ ಈ ದಾರಿ ಇಲ್ಲ. ಹಳೆಯ ಕಾಲದಲ್ಲಿ ಗ್ರಾಮಾಧಿಕಾರಿಗಳು ಖಾನೇಷುಮಾರಿ ಎಂಬ ಮನೆಗಳ ಲೆಕ್ಕವನ್ನು ಸಿದ್ಧಪಡಿಸುತ್ತಿದ್ದರು. ಮೊದಲ ಕ್ರಮಬದ್ಧ ಜನಗಣತಿ 1871ರಲ್ಲಿ ನಡೆಯಿತು. ಅನಂತರ 1881, 1891 ಮತ್ತು 1901ರಲ್ಲಿ ಗಣತಿಗಳು ನಡೆದವು. ಇವುಗಳಿಂದ ಉಳಿದಿರುವುದು ಮುದ್ರಿತ ವರದಿಗಳು ಮತ್ತು ಕೋಷ್ಟಕಗಳೇ ಹೊರತು ಮನೆಮನೆಯ ಹೆಸರಿನ ಪಟ್ಟಿಗಳಲ್ಲ. ತಾಲ್ಲೂಕಿನ ಜನಸಂಖ್ಯೆ, ಜಾತಿವಾರು ಮತ್ತು ಕಸುಬುವಾರು ಲೆಕ್ಕ ಇವುಗಳಲ್ಲಿ ಸಿಗುತ್ತವೆ. ಒಬ್ಬ ವ್ಯಕ್ತಿ ಬದುಕಿದ್ದ ಸನ್ನಿವೇಶವನ್ನು ತಿಳಿಯಲು ಇವು ಉಪಯುಕ್ತ. ಆದರೆ ಆ ವ್ಯಕ್ತಿಯನ್ನೇ ಇವುಗಳಲ್ಲಿ ಕಾಣಲಾಗದು.

ಭೂಕಂದಾಯದ ದಾಖಲೆಗಳು

ಮೈಸೂರು ಸಂಸ್ಥಾನದಲ್ಲಿ ಕಂದಾಯ ಭೂಮಾಪನ 1863ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ದಶಕಗಳ ಕಾಲ ಸಾಗಿತು. ಪ್ರತಿ ಹೊಲಕ್ಕೆ ಸರ್ವೆ ನಂಬರು, ವಿಸ್ತೀರ್ಣ ಮತ್ತು ಕಂದಾಯದ ಆಕಾರವನ್ನು ನಿಗದಿಪಡಿಸಲಾಯಿತು. ಅದಕ್ಕಿಂತ ಹಿಂದೆ ಭೂಮಿಯನ್ನು ಬಿತ್ತನೆಯ ಬೀಜದ ಪ್ರಮಾಣದಲ್ಲಿ, ಅಂದರೆ ಖಂಡುಗ ಮತ್ತು ಕೊಳಗಗಳಲ್ಲಿ ಹೇಳುವ ರೂಢಿಯಿತ್ತು. ಭೂಮಾಪನದ ಬಳಿಕ ಎಕರೆ ಮತ್ತು ಗುಂಟೆಗಳ ಲೆಕ್ಕ ಬಂತು. 40 ಗುಂಟೆಗೆ ಒಂದು ಎಕರೆ.

ಹಳ್ಳಿಯ ಲೆಕ್ಕವನ್ನು ಶಾನುಭೋಗರು ಇಡುತ್ತಿದ್ದರು. ಹಳೆಯ ಲೆಕ್ಕಗಳು ಕಡತಗಳಲ್ಲಿರುತ್ತಿದ್ದವು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಹಚ್ಚಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಬರೆದುದನ್ನು ಅಳಿಸಿ ಮತ್ತೆ ಬರೆಯಲು ಬರುತ್ತಿದ್ದುದರಿಂದ ಹಳೆಯ ನಮೂದುಗಳು ಉಳಿಯುವುದು ಕಷ್ಟವಾಗಿತ್ತು. ಅನಂತರದ ಕಾಗದದ ದಾಖಲೆಗಳಲ್ಲಿ ಆಕಾರಬಂದ್, ಟಿಪ್ಪಣಿ, ಖೇತವಾರು ಪತ್ರಿಕೆ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ಹಕ್ಕು ದಾಖಲೆ ಮುಖ್ಯವಾದವು. ಇವು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಾಗೂ ಭೂಮಾಪನ ಇಲಾಖೆಯಲ್ಲಿ ದೊರೆಯುತ್ತವೆ.

ಈ ದಾಖಲೆಗಳು ಖಾತೆದಾರನ ಹೆಸರನ್ನು ಹೇಳುತ್ತವೆಯೇ ಹೊರತು ಹೊಲದಲ್ಲಿ ದುಡಿದವನ ಹೆಸರನ್ನಲ್ಲ. ವಾರಕ್ಕೆ ಉಳುತ್ತಿದ್ದವರು, ಸಂಬಳದಾಳುಗಳು ಮತ್ತು ಜೀತದಾಳುಗಳು ಇವುಗಳಿಂದ ಹೊರಗೇ ಉಳಿದರು. ಬ್ರಿಟಿಷ್ ಭಾರತದಲ್ಲಿ 1843ರ ಕಾನೂನು ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತ್ತು. ಆದರೆ ಸಾಲಕ್ಕೆ ಪ್ರತಿಯಾಗಿ ದುಡಿಯುವ ಜೀತ ಪದ್ಧತಿ ಈ ಪ್ರದೇಶದಲ್ಲಿ 20ನೇ ಶತಮಾನದಲ್ಲಿಯೂ ಮುಂದುವರಿಯಿತು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂತು. ಆ ಬಳಿಕ ಬಿಡುಗಡೆ ಹೊಂದಿದವರಿಗೆ ನೀಡಿದ ಪ್ರಮಾಣಪತ್ರಗಳು ಕೆಲವು ಕುಟುಂಬಗಳ ಬಳಿ ಇರುವ ಅತ್ಯಂತ ಹಳೆಯ ಸರ್ಕಾರಿ ಕಾಗದಗಳಾಗಿವೆ.

ಗ್ರಾಮಸೇವೆಯ ಇನಾಂ ದಾಖಲೆಗಳು

ದುಡಿಯುವ ಕುಟುಂಬಗಳ ಹೆಸರು ನೇರವಾಗಿ ಸಿಗುವ ಸಾಧ್ಯತೆ ಹೆಚ್ಚಾಗಿರುವುದು ಗ್ರಾಮಸೇವೆಯ ಇನಾಂ ದಾಖಲೆಗಳಲ್ಲಿ. ಪಟೇಲ ಮತ್ತು ಶಾನುಭೋಗರ ಕೆಳಗೆ ತೋಟಿ, ತಳವಾರ ಮತ್ತು ನೀರಗಂಟಿ ಎಂಬ ಸೇವಕರಿದ್ದರು. ತೋಟಿ ಊರಿನ ಕಾವಲು, ಸುದ್ದಿ ಮುಟ್ಟಿಸುವಿಕೆ ಮತ್ತು ಗಡಿ ಗುರುತಿನ ಕೆಲಸ ಮಾಡುತ್ತಿದ್ದ. ತಳವಾರ ಪಹರೆಯನ್ನೂ ನೀರಗಂಟಿ ಕೆರೆ–ಕಾಲುವೆಯ ನೀರಿನ ಹಂಚಿಕೆಯನ್ನೂ ನೋಡಿಕೊಳ್ಳುತ್ತಿದ್ದರು. ಈ ಕೆಲಸಗಳು ವಂಶಪಾರಂಪರ್ಯವಾಗಿದ್ದು, ಪ್ರತಿಫಲವಾಗಿ ಇನಾಂ ಜಮೀನು ಅಥವಾ ಸುಗ್ಗಿಯಲ್ಲಿ ಧಾನ್ಯದ ಪಾಲು ದೊರೆಯುತ್ತಿತ್ತು.

ಸೇವೆ ತಂದೆಯಿಂದ ಮಗನಿಗೆ ಹೋಗುತ್ತಿದ್ದುದರಿಂದ ಉತ್ತರಾಧಿಕಾರವನ್ನು ದಾಖಲಿಸುವುದು ಆಡಳಿತಕ್ಕೆ ಅನಿವಾರ್ಯವಾಗಿತ್ತು. 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯಿದೆ ಈ ಹುದ್ದೆಗಳ ಉತ್ತರಾಧಿಕಾರವನ್ನು ಕಾನೂನಿನ ಚೌಕಟ್ಟಿಗೆ ತಂದಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಇನಾಂ ಜಮೀನನ್ನು ಹಿಂದಿನ ಹುದ್ದೆದಾರರಿಗೆ ಅಥವಾ ಅವರ ವಾರಸುದಾರರಿಗೆ ಮರುಮಂಜೂರು ಮಾಡುವ ಅವಕಾಶ ಆ ಕಾಯಿದೆಯಲ್ಲಿತ್ತು. ಮರುಮಂಜೂರಾತಿಗೆ ಅರ್ಜಿ ಹಾಕಿದವರು ತಮ್ಮ ವಂಶಾವಳಿಯನ್ನು ತೋರಿಸಬೇಕಾಗಿತ್ತು. ಆದ್ದರಿಂದ 1960ರ ದಶಕದ ಈ ಕಡತಗಳಲ್ಲಿ 19ನೇ ಶತಮಾನದ ಮೂಲಪುರುಷನ ಹೆಸರು ಸಿಗುವ ಸಂಭವವಿದೆ.

ಕ್ಷಾಮ ಮತ್ತು ಪ್ಲೇಗು

1876–78ರ ಮಹಾಕ್ಷಾಮ ಈ ಪ್ರದೇಶದ ವಂಶಾವಳಿಗಳಲ್ಲಿ ಕಂಡುಬರುವ ದೊಡ್ಡ ಕಡಿತ. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಸುಮಾರು ಶೇ. 17ರಷ್ಟು ಕುಸಿತವಿದು. ಕೂಲಿಯನ್ನೇ ನಂಬಿದ್ದವರು ಮತ್ತು ನೇಕಾರರಂಥ ಕುಶಲಕರ್ಮಿಗಳು ಹೆಚ್ಚು ನಲುಗಿದರು. ಕ್ಷಾಮ ಪರಿಹಾರದ ಕಾಮಗಾರಿಗಳಿಗೆ ಜನ ಊರು ಬಿಟ್ಟು ಹೋದರು. 1882ರಲ್ಲಿ ಮೈಸೂರನ್ನು ತಲುಪಿದ ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸವೂ ಇಂಥ ಕಾಮಗಾರಿಗಳಲ್ಲಿ ಒಂದು. ಪರಿಹಾರ ವರದಿಗಳಲ್ಲಿ ದುಡಿದವರ ಸಂಖ್ಯೆ ಇದೆ, ಹೆಸರುಗಳಿಲ್ಲ.

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಎಂಬ ಪದ ಬಳಕೆಯಲ್ಲಿದೆ. ಜನವಸತಿ ಇಲ್ಲದೆ ಕೇವಲ ಸರ್ವೆ ನಂಬರುಗಳಲ್ಲಿ ಉಳಿದಿರುವ ಹಳ್ಳಿ ಎಂಬುದು ಇದರ ಅರ್ಥ. ಕುಟುಂಬವೊಂದು ತನ್ನ ಮೂಲ ಊರೆಂದು ಹೇಳುವ ಹೆಸರು ಇಂದಿನ ನಕ್ಷೆಯಲ್ಲಿ ಕಾಣದಿದ್ದರೆ ಬೇಚಿರಾಕ್ ಗ್ರಾಮಗಳ ಪಟ್ಟಿಯನ್ನು ನೋಡುವುದು ರೂಢಿ. ಹಾಗೆಯೇ ಹುಂಡಿ ಮತ್ತು ಮೋಳೆ ಎಂದು ಕೊನೆಗೊಳ್ಳುವ ಸಣ್ಣ ವಸತಿಗಳು ಕಂದಾಯ ಲೆಕ್ಕದಲ್ಲಿ ಮತ್ತೊಂದು ದೊಡ್ಡ ಗ್ರಾಮದ ಹೆಸರಿನೊಳಗೆ ಸೇರಿಹೋಗಿರಬಹುದು.

ವಲಸೆಯ ದಾಖಲೆಗಳು

ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರದ ಮೂಲಕ ನೀಲಗಿರಿಗೂ ಇನ್ನೊಂದು ದಾರಿ ಸುಲ್ತಾನ್ ಬತ್ತೇರಿಯ ಮೂಲಕ ವಯನಾಡಿಗೂ ಹೋಗುತ್ತದೆ. 19ನೇ ಶತಮಾನದ ನಡುಭಾಗದಿಂದ ಈ ಎರಡೂ ಕಡೆ ಕಾಫಿ ತೋಟಗಳು ಹರಡಿದವು. 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ಬೆಳೆ ಆರಂಭವಾಯಿತು. 1880ರ ಆಸುಪಾಸಿನಲ್ಲಿ ವಯನಾಡಿನಲ್ಲಿ ಚಿನ್ನದ ಗಣಿಗಾರಿಕೆಯ ಭರಾಟೆ ಕೆಲವು ವರ್ಷ ನಡೆಯಿತು. ಮೈಸೂರು ಸೀಮೆಯ ಕನ್ನಡ ಕೂಲಿಗಳು ಈ ತೋಟಗಳ ಮುಖ್ಯ ದುಡಿಮೆಗಾರರಲ್ಲಿ ಸೇರಿದ್ದರು. ಮೇಸ್ತ್ರಿ ಹಳ್ಳಿಗೆ ಬಂದು ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆದೊಯ್ಯುತ್ತಿದ್ದ. ಮುಂಗಡ ಪಡೆದು ಕೆಲಸ ಬಿಟ್ಟುಹೋದವರನ್ನು 1859ರ ಕರಾರು ಉಲ್ಲಂಘನೆ ಕಾಯಿದೆಯ ಅಡಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹೀಗಾಗಿ ತೋಟದ ಚೆಕ್‌ರೋಲ್ ಮತ್ತು ನ್ಯಾಯಾಲಯದ ಕಡತಗಳು ಇಂಥ ಕೂಲಿಗಳ ಹೆಸರು ಸಿಗಬಹುದಾದ ಎರಡು ಮೂಲಗಳು.

ಸಮುದ್ರ ದಾಟಿ ಹೋದವರ ದಾಖಲೆ ಇದಕ್ಕಿಂತ ವಿವರವಾಗಿದೆ. ಮದರಾಸು ಬಂದರಿನಿಂದ ಮಾರಿಷಸ್, ನಟಾಲ್ ಮತ್ತು ಫಿಜಿಗೆ ಕರಾರು ಕೂಲಿಗಳನ್ನು ಸಾಗಿಸಲಾಗುತ್ತಿತ್ತು. ಮೊದಲ ಹಡಗು ಟ್ರೂರೊ 1860ರ ನವೆಂಬರ್ 16ರಂದು ಡರ್ಬನ್ ತಲುಪಿತು. 1911ರವರೆಗೆ ನಟಾಲಿಗೆ ಹೋದ ಭಾರತೀಯರ ಸಂಖ್ಯೆ 1,52,184. ನಟಾಲಿನ ಹಡಗು ಪಟ್ಟಿಗಳಲ್ಲಿ ಕೂಲಿಯ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ ಮತ್ತು ಊರಿನ ಕಾಲಂಗಳಿವೆ. ಮಾರಿಷಸ್ಸಿನ ವಲಸೆ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಊರಿನಲ್ಲಿ ಎಲ್ಲೂ ದಾಖಲಾಗದ ಕೂಲಿಯೊಬ್ಬನ ತಂದೆಯ ಹೆಸರು ಸಾವಿರಾರು ಮೈಲಿ ಆಚೆಯ ಪಟ್ಟಿಯಲ್ಲಿ ಇರುವುದು ಈ ಕಾರಣದಿಂದ. ಆದರೆ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳಾದ್ದರಿಂದ ಮಾದ, ಮಾದಯ್ಯ, ಮಾದಪ್ಪ ಮುಂತಾದ ರೂಪಗಳನ್ನೆಲ್ಲ ಹೋಲಿಸಿ ನೋಡಬೇಕಾಗುತ್ತದೆ.

ಕಾಡಿನ ದುಡಿಮೆಗಾರರು

ಚಾಮರಾಜನಗರದ ಬಳಿ ಹೊನ್ನುಹೊಳೆಯ (ಸುವರ್ಣಾವತಿ) ಸೀಮೆಯಲ್ಲಿ ಕಾಲುವೆಗಳ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಇಲ್ಲಿ ಖೆಡ್ಡಾ ನಡೆಸಿ ಕಾಡಾನೆಗಳನ್ನು ಹಿಡಿದ. ಆತನ ಅನುಭವಗಳ ಪುಸ್ತಕ 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಜ್ಜೆಗುರುತು ಹಿಡಿಯುವ ಸ್ಥಳೀಯರ ಹಾಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವರ್ಣನೆಗಳಿವೆ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಈ ಪ್ರದೇಶದ ದುಡಿಮೆಗಾರರು ಕಾಣಿಸಿಕೊಳ್ಳುವ ಕೆಲವೇ ಕೃತಿಗಳಲ್ಲಿ ಇದೂ ಒಂದು. ಇಂಥ ಬರಹಗಳನ್ನು ಬರೆದವರು ಆಳುವ ವರ್ಗಕ್ಕೆ ಸೇರಿದವರಾದ್ದರಿಂದ ಅವರ ಅಭಿಪ್ರಾಯಗಳನ್ನು ಬೇರೆ ಮೂಲಗಳೊಂದಿಗೆ ಹೋಲಿಸಿ ಓದುವುದು ಅಗತ್ಯ.

ಸೋಲಿಗರ ವಂಶದ ನೆನಪು ಕುಲ ಮತ್ತು ನೆಲದೊಂದಿಗೆ ಹೆಣೆದುಕೊಂಡಿದೆ. ಕಾಡಿನ ಒಂದೊಂದು ಯೆಲ್ಲೆ ಒಂದೊಂದು ಕುಲಕ್ಕೆ ಸಂಬಂಧಿಸಿದ್ದು, ಅದರೊಳಗೆ ದೇವರ ತಾಣ, ಮಾರಮ್ಮನ ತಾಣ ಮತ್ತು ಸಮಾಧಿಗಳಿರುತ್ತವೆ. ಹಳೆಯ ಪೋಡುಗಳ ನೆಲೆಗಳೂ ಈ ಕುಟುಂಬಗಳಿಗೆ ದಾಖಲೆಯಂತೆ ಇವೆ.

ಮೌಖಿಕ ಮೂಲಗಳು

ಲಿಖಿತ ದಾಖಲೆ ಇಲ್ಲದ ಕಡೆ ನೆನಪೇ ಮುಖ್ಯ ಆಧಾರ. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ನಡೆಯುವ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ತೀರಿಹೋದವರನ್ನು ನೆನೆಯಲಾಗುತ್ತದೆ. ಮಲೆ ಮಹದೇಶ್ವರ, ಬಿಳಿಗಿರಿರಂಗ, ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯ ಒಕ್ಕಲುಗಳಾಗಿರುವ ಕುಟುಂಬಗಳು ಒಂದೇ ದೇವರ ಸಂಬಂಧದಿಂದ ದೂರದ ದಾಯಾದಿಗಳನ್ನು ಗುರುತಿಸುವುದುಂಟು. ದೇವರಗುಡ್ಡರು ಮತ್ತು ನೀಲಗಾರರ ಮನೆತನಗಳಲ್ಲಿ ದೀಕ್ಷೆ ಯಾರಿಂದ ಯಾರಿಗೆ ಬಂತು ಎಂಬ ಪರಂಪರೆಯೂ ನೆನಪಿನಲ್ಲಿ ಉಳಿದಿರಬಹುದು. ಕರ್ನಾಟಕದ ಹಲವು ಭಾಗಗಳಲ್ಲಿ ಹೆಳವರು ಮನೆಮನೆಗೆ ಹೋಗಿ ವಂಶಾವಳಿ ಹೇಳುತ್ತಾರೆ. ಆದರೆ ಅವರು ಹೇಳುವುದು ತಮಗೆ ಕಾಣಿಕೆ ಕೊಡುವ ಒಕ್ಕಲು ಮನೆತನಗಳ ವಂಶವನ್ನು. ಭೂಮಿ ಇಲ್ಲದ ಎಲ್ಲ ಕುಟುಂಬಗಳಿಗೂ ಆ ಸೌಲಭ್ಯ ಇರಲಿಲ್ಲ.

ಹೆಸರುಗಳ ಪುನರಾವರ್ತನೆ ಇಲ್ಲಿಯ ಶೋಧದ ದೊಡ್ಡ ತೊಡಕು. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ಒಂದೇ ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಬರುತ್ತದೆ. ಅಕ್ಕನ ಮಗಳನ್ನು ಅಥವಾ ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿಯಿಂದ ಒಬ್ಬರೇ ವ್ಯಕ್ತಿ ವಂಶವೃಕ್ಷದ ಎರಡು ಕಡೆ ಕಾಣಿಸಿಕೊಳ್ಳಬಹುದು. ಮನೆಅಳಿಯನಾಗಿ ಬಂದವನ ಮಕ್ಕಳು ತಾಯಿಯ ಊರಿನವರೆಂದೇ ದಾಖಲಾಗಿರುತ್ತಾರೆ. ಹೆಣ್ಣುಮಕ್ಕಳ ಹೆಸರುಗಳಂತೂ ಕಂದಾಯ ದಾಖಲೆಗಳಲ್ಲಿ ವಿರಳ. ಗಂಡ ತೀರಿಕೊಂಡು ಖಾತೆ ತನ್ನ ಹೆಸರಿಗೆ ಬಂದಾಗ ಮಾತ್ರ ವಿಧವೆಯೊಬ್ಬಳು ದಾಖಲೆಗೆ ಬರುತ್ತಿದ್ದಳು. ಹೆಣ್ಣುಮಕ್ಕಳ ಕವಲನ್ನು ತಿಳಿಯಲು ತವರುಮನೆಯವರ ನೆನಪನ್ನೇ ಆಶ್ರಯಿಸಬೇಕಾಗುತ್ತದೆ.

ಕಾಲನಿರ್ಣಯ

ಹಿರಿಯರು ಇಸವಿಯನ್ನು ಹೇಳುವುದು ಕಡಿಮೆ. ಘಟನೆಯನ್ನೋ ಸಂವತ್ಸರವನ್ನೋ ಹೇಳುತ್ತಾರೆ. ಮಹಾಕ್ಷಾಮ ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನರ ಮಾತಿನಲ್ಲಿ ಅದು ಧಾತು ಈಶ್ವರ ಬರ. ಧಾತು 1876–77ಕ್ಕೂ ಈಶ್ವರ 1877–78ಕ್ಕೂ ಸಲ್ಲುತ್ತವೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರುಕಳಿಸುವುದರಿಂದ ಧಾತು ಎಂಬುದು 1816–17 ಅಥವಾ 1936–37 ಕೂಡ ಆಗಿರಬಹುದು. ಇದನ್ನು ತಲೆಮಾರಿನ ಲೆಕ್ಕದಿಂದ ಸರಿಪಡಿಸಿಕೊಳ್ಳಲಾಗುತ್ತದೆ. ಉದಾಹರಣೆಗೆ, 1945ರಲ್ಲಿ ಹುಟ್ಟಿದ ವ್ಯಕ್ತಿಯಿಂದ ಹಿಂದಕ್ಕೆ ತಲೆಮಾರಿಗೆ 30 ವರ್ಷದಂತೆ ಎಣಿಸಿದರೆ ತಂದೆ 1915ರ, ತಾತ 1885ರ ಮತ್ತು ಮುತ್ತಾತ 1855ರ ಸುಮಾರಿಗೆ ಹುಟ್ಟಿರಬೇಕು. ಅಂದರೆ ಮಹಾಕ್ಷಾಮದ ವೇಳೆಗೆ ಮುತ್ತಾತನಿಗೆ ಇಪ್ಪತ್ತರ ಆಚೀಚೆಯ ಪ್ರಾಯ. ಬದುಕಿರುವ ಹಿರಿಯರೊಬ್ಬರು ಮುತ್ತಾತನ ಬಗ್ಗೆ ಮನೆಯಲ್ಲಿ ಕೇಳಿದ ಮಾತುಗಳು ಈ ರೀತಿ ಆ ಕಾಲವನ್ನು ಮುಟ್ಟುತ್ತವೆ.

ಶೋಧದ ಕ್ರಮ

ಸಾಮಾನ್ಯವಾಗಿ ಈ ಶೋಧವನ್ನು ವರ್ತಮಾನದಿಂದ ಹಿಂದಕ್ಕೆ ನಡೆಸಲಾಗುತ್ತದೆ.

1. ಮನೆಯಲ್ಲಿರುವ ಪಹಣಿ, ಕಂದಾಯ ರಸೀದಿ, ಪಡಿತರ ಚೀಟಿ, ಶಾಲೆಯ ವರ್ಗಾವಣೆ ಪತ್ರ ಮತ್ತು ಸಾಲಪತ್ರಗಳನ್ನು ಒಟ್ಟುಗೂಡಿಸುವುದು.
2. ಹಿರಿಯರಿಂದ ಹೆಸರು, ಊರು, ಮನೆದೇವರು ಮತ್ತು ಹೆಣ್ಣು ಕೊಟ್ಟು ತಂದ ಊರುಗಳನ್ನು ಕೇಳಿ ಬರೆದುಕೊಳ್ಳುವುದು.
3. ನಾಡಕಚೇರಿಯ ಮೂಲಕ ಪಡೆದ ವಂಶವೃಕ್ಷ ಹಾಗೂ ಪೌತಿ ಖಾತೆಯ ಕಡತಗಳನ್ನು ಪರಿಶೀಲಿಸುವುದು.
4. ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್, ಮರುಮಂಜೂರಾತಿ ಮತ್ತು ಭೂಸುಧಾರಣೆಯ ಅರ್ಜಿಗಳನ್ನು ನೋಡುವುದು.
5. ಮೂಲ ಸರ್ವೆಯ ದಾಖಲೆಗಳಿಗೆ ಹೋಗಿ ಅದೇ ಸರ್ವೆ ನಂಬರಿನ ಹಳೆಯ ಖಾತೆದಾರರನ್ನು ಗುರುತಿಸುವುದು.
6. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಮತ್ತು ಅದರ ಮೈಸೂರು ವಿಭಾಗೀಯ ಕಚೇರಿಯಲ್ಲಿ, ಕೊಳ್ಳೇಗಾಲದ ಕುಟುಂಬಗಳಾದರೆ ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿಯೂ ಹುಡುಕುವುದು.

ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ, ವಿವಾಹ ಮತ್ತು ಸಮಾಧಿ ಪುಸ್ತಕಗಳು ಹೆಚ್ಚುವರಿ ಮೂಲ. ಹಳೆಯ ಕಥೋಲಿಕ ಚರ್ಚುಗಳ ಪುಸ್ತಕಗಳು ಲ್ಯಾಟಿನ್ ಭಾಷೆಯಲ್ಲಿರುವುದು ಸಾಮಾನ್ಯ.

ಕಾನೂನಿನ ಮಹತ್ವ

ಕರ್ನಾಟಕದ 1978ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ಕೆಲವು ಭೂಮಿಗಳ ಪರಭಾರೆ ನಿಷೇಧ) ಕಾಯಿದೆಯು ಮಂಜೂರಾದ ಜಮೀನನ್ನು ನಿಯಮಬಾಹಿರವಾಗಿ ಮಾರಾಟ ಮಾಡಿದ್ದರೆ ಅದನ್ನು ಮೂಲ ಮಂಜೂರಾತಿದಾರನಿಗೆ ಅಥವಾ ವಾರಸುದಾರರಿಗೆ ಮರಳಿಸಲು ಅವಕಾಶ ನೀಡುತ್ತದೆ. 2023ರ ತಿದ್ದುಪಡಿಯು ಇಂಥ ಅರ್ಜಿಗಳಿಗೆ ಕಾಲಮಿತಿ ಅನ್ವಯಿಸದಂತೆ ಮಾಡಿತು. ಮೂಲ ಮಂಜೂರಾತಿದಾರನಿಗೂ ಅರ್ಜಿದಾರನಿಗೂ ಇರುವ ಸಂಬಂಧವನ್ನು ತೋರಿಸುವ ವಂಶಾವಳಿ ಇಲ್ಲಿ ನಿರ್ಣಾಯಕ. ಒಂದು ಕೊಂಡಿ ತಪ್ಪಿದರೂ ಹಕ್ಕು ಸಾಧಿಸುವುದು ಕಷ್ಟವಾಗುತ್ತದೆ.

2006ರ ಅರಣ್ಯ ಹಕ್ಕುಗಳ ಕಾಯಿದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಯಿದೆಯ ನಿಯಮಗಳು ಪುರಾವೆಯಾಗಿ ಗೆಜೆಟಿಯರು, ಜನಗಣತಿ, ಹಿಂದಿನ ಸಂಸ್ಥಾನಗಳ ದಾಖಲೆ, ಸಮಾಧಿ ಸ್ಥಳ, ಹಳೆಯ ದಾಖಲೆಯಲ್ಲಿರುವ ವ್ಯಕ್ತಿಯವರೆಗಿನ ವಂಶಾವಳಿ ಮತ್ತು ಹಿರಿಯರ ಲಿಖಿತ ಹೇಳಿಕೆಗಳನ್ನು ಒಪ್ಪುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತವು.

ಮಿತಿಗಳು

ವಂಶವೃಕ್ಷ ಪ್ರಮಾಣಪತ್ರಗಳು ಅರ್ಜಿದಾರರ ಹೇಳಿಕೆ ಮತ್ತು ಸ್ಥಳ ವಿಚಾರಣೆಯನ್ನು ಆಧರಿಸಿದವು. ಅವುಗಳಲ್ಲಿ ಹೆಣ್ಣುಮಕ್ಕಳ ಅಥವಾ ಮೊದಲ ಮದುವೆಯ ಮಕ್ಕಳ ಹೆಸರು ಬಿಟ್ಟುಹೋಗಿರಬಹುದು. ಹೆಸರಿನ ಸಾಮ್ಯವೊಂದೇ ಸಂಬಂಧಕ್ಕೆ ಪುರಾವೆಯಾಗದು. ಊರು, ಸರ್ವೆ ನಂಬರು, ಸೇವೆ ಮತ್ತು ತಂದೆಯ ಹೆಸರುಗಳಲ್ಲಿ ಕನಿಷ್ಠ ಎರಡಾದರೂ ಹೊಂದಿಕೆಯಾಗುವುದು ಅಪೇಕ್ಷಣೀಯ. ಕಾಗದದ ದಾಖಲೆಗಳು ದಾಖಲೆ ಕೊಠಡಿಯಲ್ಲಿ ಮುಂದೆಯೂ ಸಿಗಬಹುದು. ಆದರೆ ತಾತ–ಮುತ್ತಾತಂದಿರ ಹೆಸರು ಬಲ್ಲ ಹಿರಿಯರ ನೆನಪು ಅವರೊಂದಿಗೇ ಕೊನೆಗೊಳ್ಳುತ್ತದೆ. ಆದ್ದರಿಂದ ಭೂಮಿ ಇಲ್ಲದ ಕುಟುಂಬಗಳ ವಂಶಾವಳಿ ಶೋಧದಲ್ಲಿ ಹಿರಿಯರ ಹೇಳಿಕೆಯನ್ನು ಬರೆದಿಡುವ ಕೆಲಸಕ್ಕೆ ಮೊದಲ ಸ್ಥಾನ ಸಲ್ಲುತ್ತದೆ.